ಸ್ಪ್ರಿಂಗಿಗೊಂದು ಮೂಗುದಾರ: ಶಾಕ್ ಅಬ್ಸಾರ್ಬರ್ ನಡೆದು ಬಂದ ದಾರಿ

ಶಾಕ್ ಅಬ್ಸಾರ್ಬರ್ ಅನ್ನುವ ಹೆಸರೇ ಅರ್ಧ ಸುಳ್ಳು. ಚಕ್ರ ಗುಂಡಿಗೆ ಬಿದ್ದಾಗ ಆ ಹೊಡೆತವನ್ನು ಮೊದಲು ತಾಳಿಕೊಳ್ಳುವುದು ಸ್ಪ್ರಿಂಗು. ಅದುಮಿದ ಸ್ಪ್ರಿಂಗು ಮತ್ತೆ ಮತ್ತೆ ಕುಣಿಯದಂತೆ ಹಿಡಿಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಮಕ್ಕಳು ಲೋಲಕದ ಪಾಠ ನೆನಪಿಸಿಕೊಳ್ಳಲಿ. ಗಾಳಿಯಲ್ಲಿ ಬಹಳ ಹೊತ್ತು ತೂಗುವ ಗುಂಡು ನೀರಿನೊಳಗೆ ಬೇಗ ನಿಂತುಬಿಡುತ್ತದೆ. ಶಾಕ್ ಅಬ್ಸಾರ್ಬರಿನೊಳಗೆ ಆ ನೀರಿನ ಜಾಗದಲ್ಲಿರುವುದು ಎಣ್ಣೆ.

ಕಥೆ ಶುರುವಾಗುವುದು ಕುದುರೆಗಾಡಿಗಳಿಂದ. 1804ರಲ್ಲಿ ಲಂಡನ್ನಿನ ಒಬಾಡಯಾ ಎಲಿಯಟ್ ಎಂಬವರು ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಅಂಡಾಕಾರದ ಸ್ಪ್ರಿಂಗಿಗೆ ಪೇಟೆಂಟ್ ಪಡೆದರು. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದುದರಿಂದ ಕುಣಿತ ತಾನಾಗಿಯೇ ಅಷ್ಟಿಷ್ಟು ಕಡಿಮೆಯಾಗುತ್ತಿತ್ತು. ಕುದುರೆಯ ವೇಗಕ್ಕೆ ಅಷ್ಟು ಸಾಕಿತ್ತು. ಮೋಟಾರು ಬಂದ ಮೇಲೆ ಅದು ಸಾಲಲಿಲ್ಲ.

20ನೇ ಶತಮಾನದ ಮೊದಲ ವರ್ಷಗಳಲ್ಲಿ ಫ್ರಾನ್ಸಿನ ಟ್ರುಫೋ ಎಂಬವರು ಎರಡು ತೋಳುಗಳ ನಡುವೆ ಬಿಲ್ಲೆಗಳನ್ನು ಬಿಗಿದು, ಅವುಗಳ ಘರ್ಷಣೆಯಿಂದ ಕುಣಿತ ತಡೆಯುವ ಸಾಧನ ಮಾಡಿದರು. ಅಮೆರಿಕದ ಹಾರ್ಟ್‌ಫರ್ಡ್ ಅದನ್ನು ತಮ್ಮ ದೇಶದಲ್ಲಿ ತಯಾರಿಸಿ ಮಾರಿದರು. ಬಿಲ್ಲೆ ಸವೆದಂತೆ ಹಿಡಿತ ಸಡಿಲ. ಆಗಾಗ ಬಿಗಿ ಮಾಡಬೇಕು. ಅದೇ ಕಾಲದಲ್ಲಿ ಫ್ರಾನ್ಸಿನ ಇನ್ನೊಬ್ಬರು, ಮೊರಿಸ್ ಹುದೈ, ಬಿಲ್ಲೆಯ ಬದಲು ಎಣ್ಣೆ ಬಳಸಿದರು. ಎಣ್ಣೆ ಸಣ್ಣ ಕಿಂಡಿಯಲ್ಲಿ ಕಷ್ಟಪಟ್ಟು ಹಾಯಬೇಕು. ಆ ಕಷ್ಟದಲ್ಲಿ ಕುಣಿತದ ಶಕ್ತಿ ಬಿಸಿಯಾಗಿ ಹೋಗುತ್ತದೆ. 1927ರಲ್ಲಿ ಬಂದ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಹುದೈ ಮಾದರಿಯೇ ಇತ್ತು. ಇಂದು ನಾವು ಕಾಣುವ ಕೊಳವೆಯಾಕಾರದ ಶಾಕ್ ಬಳಕೆಗೆ ಬಂದದ್ದು ಆಮೇಲೆ. ಎಣ್ಣೆ ನೊರೆಯೆದ್ದರೆ ಹಿಡಿತ ತಪ್ಪುತ್ತದೆ. ಅದಕ್ಕೆ 1950ರ ದಶಕದಲ್ಲಿ ಡಿ ಕಾರ್ಬನ್ ಒತ್ತಡದ ಅನಿಲ ತುಂಬಿದರು.

ಸ್ಟ್ರಟ್ ಎಂದರೆ ಸ್ಪ್ರಿಂಗು, ಶಾಕ್ ಎರಡೂ ಸೇರಿ ಒಂದೇ ಕಂಬವಾದದ್ದು. ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಅವರ ಈ ವಿನ್ಯಾಸ 1950ರ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಕಾರಿನ ಮುಂಭಾಗದಲ್ಲಿತ್ತು. ಅಂಥದೇ ಕಂಬವನ್ನು ಕಾಲಿನ್ ಚಾಪ್‌ಮನ್ 1957ರ ಲೋಟಸ್ ಎಲೀಟ್ ಕಾರಿನ ಹಿಂದಿನ ಚಕ್ರಗಳಿಗೆ ಹಾಕಿದರು.

ನಮ್ಮ ದೇಶದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರಿನ ಹಿಂಬದಿಗೆ ಪಟ್ಟಿ ಸ್ಪ್ರಿಂಗೇ ಇತ್ತು, ಶಾಕ್ ಬೇರೆಯಾಗಿತ್ತು. 1983ರ ಮಾರುತಿ 800 ಮುಂದಿನ ಸ್ಟ್ರಟ್ಟನ್ನು ಮಧ್ಯಮವರ್ಗದ ಮನೆಗಳಿಗೆ ತಂದಿತು. ಇದರಿಂದ ಗ್ಯಾರೇಜಿನ ಕೆಲಸವೂ ಬದಲಾಯಿತು. ಬಿಡಿ ಶಾಕ್ ಆದರೆ ಬೋಲ್ಟ್ ಬಿಚ್ಚಿ ಬದಲಿಸಬಹುದು. ಸ್ಟ್ರಟ್ಟಿನಲ್ಲಿ ಅದುಮಿಟ್ಟ ಸ್ಪ್ರಿಂಗು ಕೂತಿರುತ್ತದೆ. ಅದನ್ನು ಕಂಪ್ರೆಸರ್ ಎಂಬ ಉಪಕರಣದಿಂದ ಬಿಗಿಹಿಡಿಯದೆ ಮೇಲಿನ ನಟ್ ಬಿಚ್ಚಿದರೆ ಸ್ಪ್ರಿಂಗು ಚಿಮ್ಮಿ ಪ್ರಾಣಕ್ಕೇ ಕುತ್ತು ತಂದೀತು. ಮನೆಯಂಗಳದಲ್ಲಿ ಮಾಡುವ ಕೆಲಸ ಅದಲ್ಲ.

ಹಿಂದಿನ ಶಾಕ್ ಸವೆದರೆ "ಸ್ವಲ್ಪ ಕುಲುಕುತ್ತದೆ, ಅಷ್ಟೇ ತಾನೆ" ಎಂದು ಸುಮ್ಮನಿರುವವರು ಬಹಳ. ಆದರೆ ಕುಣಿಯುವ ಚಕ್ರ ರಸ್ತೆಯನ್ನು ಸರಿಯಾಗಿ ಕಚ್ಚುವುದಿಲ್ಲ. ಮಳೆಗಾಲದ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಬೇಕಾಗುವುದು ಅದೇ ಹಿಡಿತ. ಶಾಕಿನ ಮೈಮೇಲೆ ಎಣ್ಣೆ ಒಸರಿದ್ದರೆ, ಟಯರು ಅಲ್ಲಲ್ಲಿ ಹಳ್ಳಬಿದ್ದಂತೆ ಸವೆದಿದ್ದರೆ, ಗಾಡಿಯ ಹಿಂಬದಿಯ ಮೂಲೆಯನ್ನು ಒತ್ತಿ ಬಿಟ್ಟಾಗ ಮತ್ತೆ ಮತ್ತೆ ಕುಣಿದರೆ ಮೆಕ್ಯಾನಿಕ್ಕಿಗೆ ತೋರಿಸಲೇಬೇಕು. ಬದಲಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸುವುದು ಕ್ರಮ. ಒಂದು ಹೊಸದು ಒಂದು ಹಳೆಯದು ಎಂದರೆ ಜೋಡೆತ್ತಿನಲ್ಲಿ ಒಂದು ಕುಂಟಿದಂತೆ.

ನಮ್ಮ ಮಕ್ಕಳು ವ್ಯಾನಿನ ಹಿಂಬದಿಯಲ್ಲಿ ಒತ್ತೊತ್ತಾಗಿ ಕೂತು ಶಾಲೆಗೆ ಬರುತ್ತಾರೆ. ಮುಂದಿನ ಪಿ.ಟಿ.ಎ. ಸಭೆಯಲ್ಲಿ ಫೀಸಿನ ಮಾತಿನ ಜೊತೆಗೆ "ಹಿಂದಿನ ಶಾಕ್ ನೋಡಿಸಿದ್ದೀರಾ ಅಣ್ಣಾ?" ಎಂದು ಡ್ರೈವರಣ್ಣನನ್ನೂ ಒಂದು ಮಾತು ಕೇಳೋಣ.