ಖಂಡಸ್ಫುಟಿತ ಜೀರ್ಣೋದ್ಧಾರ: ಕಳಸ–ಹೊರನಾಡು ಸೀಮೆಯಲ್ಲಿ ಪರಂಪರೆಯ ರಕ್ಷಣೆ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಾದುದಲ್ಲ. ದೇವಾಲಯಕ್ಕಾಗಲಿ ಬಸದಿಗಾಗಲಿ ಭೂಮಿಯನ್ನು ಬಿಡುವಾಗ, ಅದರ ಉತ್ಪನ್ನವು ದೇವರ ಪೂಜೆಗೂ, ಆಶ್ರಯಿಸಿದವರ ಆಹಾರದಾನಕ್ಕೂ, ಕಟ್ಟಡದಲ್ಲಿ ಮುರಿದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೂ ಸಲ್ಲತಕ್ಕದ್ದೆಂದು ದಾನಿಯು ವಿಧಿಸುವುದು ವಾಡಿಕೆಯಾಗಿದ್ದಿತು. ಈ ಸೂತ್ರವನ್ನು ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಶಾಸನದ ಸಿದ್ಧಶೈಲಿಯೆಂದು ಭಾವಿಸಿ ಮುಂದೆ ಸಾಗುತ್ತಾರೆ. ಆದರೆ ಕಟ್ಟಡ, ಅನ್ನ, ಗದ್ದೆ ಈ ಮೂರನ್ನೂ ಒಂದೇ ವಾಕ್ಯದಲ್ಲಿ ಬಿಗಿದು, ಅದು ಚಂದ್ರಸೂರ್ಯರಿರುವವರೆಗೆ ನಡೆಯಲಿ ಎಂದು ಹೇಳಿದ ಆ ಬುದ್ಧಿ ಸಾಮಾನ್ಯವಾದುದಲ್ಲ. 1987ರಲ್ಲಿ ವಿಶ್ವಸಂಸ್ಥೆಯ ಪರಿಸರ ಮತ್ತು ಅಭಿವೃದ್ಧಿ ಆಯೋಗವು ‘ಸುಸ್ಥಿರ ಅಭಿವೃದ್ಧಿ’ ಎಂಬ ಪದವನ್ನು ಲೋಕಪ್ರಸಿದ್ಧಗೊಳಿಸಿತು; 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಸಾಂಸ್ಕೃತಿಕ ಪರಂಪರೆಯ ರಕ್ಷಣೆಗೂ ಸ್ಥಾನ ದೊರೆಯಿತು. ಈ ಹೊಸ ಪರಿಭಾಷೆಯನ್ನು ಮಲೆನಾಡಿನ ಒಂದು ಸಣ್ಣ ಸೀಮೆಯ ಇತಿಹಾಸಕ್ಕೆ ಒರೆಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಕಳಸವು ಭದ್ರಾನದಿಯ ತೀರದಲ್ಲಿದೆ. ಬಹುಕಾಲ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಈ ಊರು ಒಮ್ಮೆ ರಾಜಧಾನಿಯೇ ಆಗಿದ್ದಿತು. ಹೊಂಬುಜದ ಸಾಂತರರ ಒಂದು ಶಾಖೆ ಇಲ್ಲಿ ನೆಲೆಸಿ, ಮುಂದೆ ಘಟ್ಟವಿಳಿದು ಕಾರ್ಕಳದವರೆಗೆ ಅಧಿಕಾರವನ್ನು ಹಬ್ಬಿಸಿದುದರಿಂದ ಅದನ್ನು ಕಳಸ–ಕಾರ್ಕಳ ರಾಜ್ಯವೆಂದು ಕರೆಯುವುದುಂಟು. 13ನೆಯ ಶತಮಾನದಲ್ಲಿ ಜಾಕಲದೇವಿ, ಕಾಳಲದೇವಿ ಎಂಬ ರಾಣಿಯರು ಇಲ್ಲಿ ಆಳಿದರೆಂಬುದು ಶಾಸನಗಳಿಂದ ತಿಳಿದುಬರುತ್ತದೆ. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನೂ, 1586ರಲ್ಲಿ ಅಲ್ಲಿಯ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನೂ ಇದೇ ಮನೆತನದವರು. ಜೈನರಾದ ಈ ಅರಸರ ನಾಡಿನಲ್ಲಿ ಕಳಸೇಶ್ವರನ ಪೂಜೆ ಅವಿಚ್ಛಿನ್ನವಾಗಿ ನಡೆದುಬಂದುದು ಸ್ವಾರಸ್ಯಕರವಾದ ಸಂಗತಿ. ಬಿ. ಎಲ್. ರೈಸ್ ಅವರು ಕಡೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 6ನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದಾಗ ಕಳಸದ ಶಾಸನಗಳು ಮೊದಲ ಬಾರಿಗೆ ವಿದ್ವಲ್ಲೋಕಕ್ಕೆ ಲಭ್ಯವಾದುವು. ಊರಿನ ಪಂಚತೀರ್ಥಗಳಲ್ಲೊಂದಾದ ಅಂಬಾತೀರ್ಥದ ಹೆಬ್ಬಂಡೆಯ ಮೇಲಿರುವ, ಆ ಶಿಲೆಯನ್ನು ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿರಿಸಿದರೆಂದು ಸಾರುವ ಸಂಸ್ಕೃತ ಬರಹವೂ ಅವುಗಳ ಪೈಕಿ ಒಂದು. ಮಹಿಮೆಯ ಮಾತು ಹಾಗಿರಲಿ. ಹೊಳೆಯ ಸೆಳೆತಕ್ಕೆ ಬಂಡೆಯನ್ನು ಅಡ್ಡವಿಟ್ಟು ಸ್ನಾನಘಟ್ಟವನ್ನು ಕಾಪಾಡಿದರೆಂಬ ಸ್ಥಳಪುರಾಣದಲ್ಲಿ, ಈ ನಾಡಿನವರ ಪ್ರತಿವರ್ಷದ ಚಿಂತೆಯೇ ಕಥೆಯಾಗಿರುವುದು ಸ್ಪಷ್ಟ.

ಆ ಚಿಂತೆ ಮಳೆಯದು. ಕಲ್ಲಿನ ದೇಗುಲಗಳನ್ನು ಮಾತ್ರ ಸ್ಮಾರಕವೆಂದು ಎಣಿಸುವ ಅಭ್ಯಾಸ ನಮಗೆ ಬೇಲೂರು ಹಳೇಬೀಡುಗಳನ್ನು ನೋಡಿ ಬಂದುದು. ಘಟ್ಟದ ಅಂಚಿನಲ್ಲಿ ವಸ್ತುಸ್ಥಿತಿ ಬೇರೆ. ಇಲ್ಲಿಯ ಗುಡಿ ಮನೆಗಳು ಬಹುಪಾಲು ಮಣ್ಣು, ಜಂಬಿಟ್ಟಿಗೆ, ಮರಗಳಿಂದಾದುವು. ಮಾಡಿಗೆ ಹುಲ್ಲು ಅಥವಾ ಅಡಕೆಯ ಸೋಗೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕ್ರಮೇಣ ಹೆಂಚು ಘಟ್ಟವೇರಿತು. ಸೋಗೆಯ ಮಾಡು ವರ್ಷವರ್ಷವೂ ಹೊಸದಾಗಬೇಕು. ಹೆಂಚಿನ ಮಾಡಿನ ಒಡಕನ್ನು ಮಳೆಗೆ ಮುಂಚೆ ಹುಡುಕಬೇಕು. ಗೋಡೆಗೆ ಎರಚಲು ಹೊಡೆಯದಂತೆ ಸೋಗೆಯ ತಟ್ಟಿ ಕಟ್ಟಬೇಕು. ಇಂತಹ ಕಟ್ಟಡವನ್ನು ಒಮ್ಮೆ ದುರಸ್ತಿ ಮಾಡಿ ಬೀಗ ಹಾಕಿ ಕಾಪಾಡಲು ಬರುವುದಿಲ್ಲ. ಅದು ಉಳಿಯಬೇಕಾದರೆ ಸೋಗೆ ಕೊಡುವ ತೋಟ ಉಳಿಯಬೇಕು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ಉಳಿಯಬೇಕು. ಬೆಟ್ಟದಿಂದಿಳಿದು ಬರುವ ನೀರಿನ ಕಾಲುವೆಯನ್ನು ಕಟ್ಟಬಲ್ಲ ಕೈಗಳೂ ಇರಬೇಕು. ‘ಖಂಡಸ್ಫುಟಿತ’ಕ್ಕೆ ಹೊನ್ನನ್ನಲ್ಲದೆ ಭೂಮಿಯನ್ನೇ ಬಿಡುತ್ತಿದ್ದುದರ ಔಚಿತ್ಯ ಇಲ್ಲಿ ಗೋಚರಿಸುತ್ತದೆ.

ಈ ಕೊಂಡಿ ಕಳಚಿದುದು 20ನೆಯ ಶತಮಾನದಲ್ಲಿ. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯಿದೆಯೂ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯೂ ಉಳುವವನಿಗೆ ಭೂಮಿಯನ್ನು ಕೊಟ್ಟುವು. ದೇವರ ಹೆಸರಿನಲ್ಲಿ ಗೇಣಿಯೆತ್ತಿದ ವ್ಯವಸ್ಥೆಯು ಒಕ್ಕಲಿಗೆ ಎಷ್ಟು ಭಾರವಾಗಿದ್ದಿತೆಂಬುದನ್ನು ಬಲ್ಲವರು ಯಾರೂ ಈ ಸುಧಾರಣೆಯನ್ನು ಅನ್ಯಾಯವೆನ್ನಲಾರರು. ಆದರೆ ಗೇಣಿಯೊಡನೆ ದುರಸ್ತಿಯ ಕರ್ತವ್ಯವೂ ಅನಾಥವಾಯಿತೆಂಬುದನ್ನು ಶಾಸನಸಭೆಗಳು ಸಾಕಷ್ಟು ಆಲೋಚಿಸಿದಂತೆ ಕಾಣುವುದಿಲ್ಲ. ಭೂಮಿಗೆ ಬದಲಾಗಿ ಬಂದ ತಸ್ತೀಕು ಹಣದ ರೂಪದ್ದು. ಬೆಲೆಗಳೊಡನೆ ಅದು ಏರಲಿಲ್ಲ. ಯಾತ್ರಿಕರಿಲ್ಲದ ಗ್ರಾಮದೇವಾಲಯಗಳು ಸೋರತೊಡಗಿದುವು. ಯಾತ್ರಿಕರಿದ್ದ ಕ್ಷೇತ್ರಗಳು ಮಾತ್ರ ಹುಂಡಿಯ ಬಲದಿಂದ ನಿಂತುವು.

ಈ ಎರಡನೆಯ ಬಗೆಗೆ ಉತ್ತಮ ನಿದರ್ಶನ ಹೊರನಾಡು. ಕಳಸದಿಂದ ಸುಮಾರು 8 ಕಿಲೋಮೀಟರು ದೂರದ ಈ ಅನ್ನಪೂರ್ಣೇಶ್ವರಿಯ ಸನ್ನಿಧಿ ವಂಶಪಾರಂಪರ್ಯವಾಗಿ ಬಂದ ಧರ್ಮಕರ್ತರ ಆಡಳಿತಕ್ಕೆ ಸೇರಿದುದು. ಈಗಿನ ಮೂರ್ತಿ ಪ್ರತಿಷ್ಠಿತವಾದುದು 1973ರಲ್ಲಿ. ಕಟ್ಟಡದ ಪ್ರಾಚೀನತೆಯನ್ನೇ ಅಳತೆಗೋಲಾಗಿಟ್ಟುಕೊಂಡ ಪುರಾತತ್ತ್ವಜ್ಞನು ಇಲ್ಲಿ ಬರೆದುಕೊಳ್ಳುವುದಕ್ಕೆ ಹೆಚ್ಚೇನೂ ಕಾಣದೆ ಹಿಂದಿರುಗಬಹುದು. ಆದರೆ ಇಲ್ಲಿಯ ಪರಂಪರೆ ಗೋಡೆಯಲ್ಲಿಲ್ಲ, ಪಂಕ್ತಿಯಲ್ಲಿದೆ: ಬಂದವರು ಯಾರೇ ಆಗಲಿ, ಉಂಡು ಹೋಗಬೇಕು. ಶಾಸನೋಕ್ತವಾದ ಆಹಾರದಾನವು ಶಿಥಿಲವಾಗದೆ ಉಳಿದ ಸ್ಥಳಗಳಲ್ಲಿ ಇದನ್ನು ಅಗತ್ಯವಾಗಿ ಎಣಿಸಬೇಕು. ಊರಿನ ಅಂಗಡಿ, ವಸತಿಗೃಹ, ಬಸ್ಸುಗಳ ಜೀವನಾಧಾರವೂ ಈ ಪಂಕ್ತಿಯೇ. ಆದರೂ ಒಂದು ಮಾತನ್ನು ಹೇಳಬೇಕಾಗಿದೆ. ಮಲೆನಾಡಿನಲ್ಲಿ ಬತ್ತದ ಗದ್ದೆಗಳು ಅಡಕೆಯ ತೋಟಗಳಾಗುತ್ತಲಿವೆ. ಆ ಅಡಕೆಗೂ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳು ಈ ಭಾಗದಲ್ಲಿಯೇ ಬಲವಾಗಿ ತಗುಲಿವೆ. ಅನ್ನದ ಕ್ಷೇತ್ರದ ಸುತ್ತ ಅನ್ನ ಬೆಳೆಯುವ ನೆಲ ಕುಗ್ಗುತ್ತಿರುವಾಗ, ಆ ಕ್ಷೇತ್ರದ ಅನ್ನದಾನವು ಯಾತ್ರಿಕನ ಕಾಣಿಕೆಯೊಂದನ್ನೇ ಆಶ್ರಯಿಸಬೇಕಾಗುತ್ತದೆ. ಮಳೆಗಾಲದಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆಯ ಸೇತುವೆ ಮುಳುಗಿದಾಗ ಕಳಸ–ಹೊರನಾಡು ಸಂಪರ್ಕವೇ ತಪ್ಪುವುದನ್ನು ಬಲ್ಲವರಿಗೆ ಆ ಆಶ್ರಯ ಎಷ್ಟು ತೆಳುವಾದುದೆಂಬುದನ್ನು ವಿವರಿಸಬೇಕಾಗಿಲ್ಲ.

ಇದೇ ನದಿಯ ಮೇಲ್ಭಾಗದಲ್ಲಿ ಅಭಿವೃದ್ಧಿಯ ಮತ್ತೊಂದು ಪ್ರಯೋಗ ನಡೆದುಹೋಯಿತು. ಕುದುರೆಮುಖ ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಸ್ಥಾಪಿತವಾಯಿತು. ಗಣಿಯಿಂದ ಅದಿರಿನ ರಾಡಿ ಕೊಳವೆಯ ಮಾರ್ಗವಾಗಿ ಮಂಗಳೂರಿನ ಕಡಲತೀರಕ್ಕೆ ಇಳಿಯಿತು. ಉಳಿದ ಹೂಳನ್ನು ತಡೆಯಲು ಲಕ್ಯಾ ಅಣೆಕಟ್ಟು ಎದ್ದಿತು. ಕಾಡಿನ ನಡುವೆ ಶಾಲೆ, ಆಸ್ಪತ್ರೆಗಳುಳ್ಳ ನಗರವೊಂದು ಹುಟ್ಟಿತು. ಸುತ್ತಲಿನ ಅರಣ್ಯವನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಸರ್ಕಾರವು ಉದ್ದೇಶಿಸಿದುದು 1987ರಲ್ಲಿ. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ನಗರವೂ ಬರಿದಾಯಿತು. ಪ್ರಯೋಗದ ಆಯುಸ್ಸು ಮೂವತ್ತು ವರ್ಷಕ್ಕೂ ಕಡಮೆ. ಗಣಿಯಿಂದ ದೇಶಕ್ಕಾದ ಲಾಭವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ಲಾಭದಲ್ಲಿ ‘ಒಡೆದುದನ್ನು ಸರಿಪಡಿಸಲು’ ಎಂದು ಮೊದಲೇ ತೆಗೆದಿರಿಸಿದ ಪಾಲೆಷ್ಟೆಂಬ ಪ್ರಶ್ನೆಯನ್ನು ಇತಿಹಾಸದ ವಿದ್ಯಾರ್ಥಿ ಕೇಳಬಹುದಾಗಿದೆ.

2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಅವುಗಳಲ್ಲಿದೆ. ಮಲೆನಾಡಿಗರು ಇದನ್ನು ಸಂತೋಷದಿಂದ ಬರಮಾಡಿಕೊಂಡರೆಂದು ಹೇಳಲಾಗದು. 2013ರ ಕಸ್ತೂರಿರಂಗನ್ ವರದಿಯ ಕಾಲಕ್ಕೆ ವಿರೋಧ ಇನ್ನಷ್ಟು ಪ್ರಬಲವಾಯಿತು. ಪಟ್ಟಣಗಳಲ್ಲಿ ಕುಳಿತವರು ಇದನ್ನು ಸ್ವಾರ್ಥವೆಂದು ಜರೆಯುವುದುಂಟು. ಆದರೆ ಕಾಡನ್ನು ಬಳಸುತ್ತಲೇ ಉಳಿಸಿಕೊಂಡು ಬಂದವನಿಗೆ, ಅದೇ ಕಾಡಿನಲ್ಲಿ ತಾನು ಅತಿಕ್ರಮಣಕಾರನೆನಿಸಬಹುದೆಂಬ ಭೀತಿ ಹುಟ್ಟಿದರೆ ತಪ್ಪು ಯಾರದು? ಬಾಬಾಬುಡನ್ ಎಂಬ ಸಂತರು 17ನೆಯ ಶತಮಾನದಲ್ಲಿ ತಂದರೆಂದು ಪ್ರತೀತಿಯಿರುವ ಕಾಫಿಯನ್ನೇ ನೋಡಬಹುದು. ಕಾಡುಮರಗಳ ನೆರಳಿನಲ್ಲಿ ಬೆಳೆಯುತ್ತಿದ್ದಷ್ಟು ಕಾಲ ಅದು ಕಾಡನ್ನು ಒಂದು ಮಟ್ಟಿಗೆ ಕಾಪಾಡಿತು. ಸಿಲ್ವರ್ ಓಕ್ ಮರಗಳು ಹಬ್ಬಿದಂತೆ ಆ ನಂಟು ಸಡಿಲವಾಯಿತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆಯಿತು. ಅದೇ ವರ್ಷದ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ ಮೊದಲಾದೆಡೆ ಗುಡ್ಡಗಳು ಕುಸಿದು ಮನೆಗಳೂ ತೋಟಗಳೂ ಮಣ್ಣುಪಾಲಾದುವು.

ಕೊನೆಯದಾಗಿ ಪದದ ವಿಚಾರ. ‘ಜೀರ್ಣೋದ್ಧಾರ’ವೆಂದರೆ ಶಾಸನಗಳ ಕಾಲದಲ್ಲಿ ಒಡೆದ ಭಾಗವನ್ನು ಸರಿಪಡಿಸಿ ಉಳಿದುದನ್ನು ಉಳಿಸುವುದು. ಇಂದು ಅದೇ ಪದವನ್ನು ಹಳೆಯ ಮರದ ಗುಡಿಯನ್ನು ಪೂರ್ತಿಯಾಗಿ ಕೆಡವಿ, ಹೊರಗಿನಿಂದ ತಂದ ಕಲ್ಲಿನಲ್ಲಿ ಹೊಸದನ್ನು ಕಟ್ಟುವುದಕ್ಕೆ ಬಳಸಲಾಗುತ್ತಿದೆ. ಕೆತ್ತನೆಯ ಕಂಬ, ಬೋದಿಗೆ, ತೊಲೆಗಳು ಸೌದೆಯಾಗುತ್ತವೆ. ಶಾಸನದ ಕಲ್ಲು ಚಪ್ಪಡಿಯಾಗುತ್ತದೆ. ಇದನ್ನು ಭಕ್ತರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಸೋಗೆ ಕಟ್ಟುವವನೂ ಹಳೆಯ ತೊಲೆಗೆ ಹೊಸ ತುಂಡನ್ನು ಬೆಸೆಯಬಲ್ಲ ಆಚಾರಿಯೂ ಊರಿನಲ್ಲಿ ದೊರೆಯದಿದ್ದಾಗ, ಕಲ್ಲು ಸಿಮೆಂಟುಗಳನ್ನು ಬಿಟ್ಟು ಬೇರೆ ದಾರಿಯೇನೆಂದು ಗ್ರಾಮಸ್ಥರು ಕೇಳುತ್ತಾರೆ. ಆಚಾರಿಗಳಿಗೆ ವರ್ಷವಿಡೀ ಕೆಲಸ ದೊರೆಯುವಂತೆ ಕ್ಷೇತ್ರಗಳ ಆದಾಯದ ಒಂದು ಪಾಲನ್ನು ಸುತ್ತಲಿನ ಬಡ ಗುಡಿಗಳ ಸಣ್ಣ ದುರಸ್ತಿಗೆ ಮೀಸಲಿಡಬಹುದು. ಕಾಫಿಸೀಮೆಯ ಮರದ ಗುಡಿಗಳ ಪಟ್ಟಿಯನ್ನು, ಅಳತೆ ಚಿತ್ರಗಳೊಡನೆ, ವಿಶ್ವವಿದ್ಯಾನಿಲಯಗಳ ಇತಿಹಾಸ ವಿಭಾಗಗಳು ಸಿದ್ಧಪಡಿಸಬಹುದು. ಈ ಕೆಲಸಕ್ಕೆ ತಕ್ಕ ಕಾಲ ಮಾಗಿಯಿಂದ ವೈಶಾಖದವರೆಗೆ. ಅನಂತರ ಮಾಡುಗಳ ಮೇಲೆ ಮಳೆ.