ಟರ್ಬೊ ಎಂಜಿನ್: ಗುಡ್ಡ ಹತ್ತಿದ ಮೇಲೆ ಅರ್ಧ ನಿಮಿಷ

ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತುವ ಹಲವು ಹೊಸ ಕಾರುಗಳಿಗೆ ಮೂರೇ ಸಿಲಿಂಡರ್. ಹ್ಯುಂಡೈನ 998 ಸಿ.ಸಿ. ಟರ್ಬೊ ಎಂಜಿನ್ 120 ಪಿ.ಎಸ್. ಶಕ್ತಿ, 172 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಹೊರಹೋಗುವ ಹೊಗೆಯೇ ಚಕ್ರ ತಿರುಗಿಸಿ ಸಿಲಿಂಡರಿಗೆ ಹೆಚ್ಚು ಗಾಳಿ ತುರುಕುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದರು.

ಟರ್ಬೊದ ಈ ಚಕ್ರ ತಿರುಗುವುದು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು. ಅದರ ದಂಡಕ್ಕೆ ಆಸರೆ ಆಯಿಲ್‌ನ ತೆಳುಪದರ. ಗುಡ್ಡ ಹತ್ತಿದ ಕೂಡಲೇ ಎಂಜಿನ್ ಬಂದ್ ಮಾಡಿದರೆ ಹರಿವು ನಿಂತು, ಒಳಗುಳಿದ ಆಯಿಲ್ ಕಾದು ಕರಿಗಟ್ಟುತ್ತದೆ. ಅರ್ಧ ನಿಮಿಷ ಓಡಲಿ ಬಿಡಿ, ತಾಯಿ ಕಾಯುತ್ತಾಳೆ. ಗಾಳಿಯ ದಾರಿಯ ಮೇಲೂ ಕಣ್ಣಿರಲಿ: ಬೈಲಹೊಂಗಲದ ಎರೆಹೊಲದ ದೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್‌ಗಳಲ್ಲಂತೂ ಗಾಳಿ ಒಳಬಿಡುವ ವಾಲ್ವ್‌ಗೆ ಪೆಟ್ರೋಲ್ ತಾಗುವುದೇ ಇಲ್ಲ. ತೊಳೆಯುವವರಿಲ್ಲದೆ ಅದಕ್ಕೆ ಮಸಿ ಹಿಡಿಯುತ್ತದೆ.