ಲೈನ್ ಮನೆಯವರು ಯಾವ ಲೆಕ್ಕದಲ್ಲಿ ಬರ್ತಾರೆ?



ಕೊಡಗು ಶ್ರೀಮಂತ ಜಿಲ್ಲೆ ಅಂತ ಎಲ್ಲರೂ ಹೇಳ್ತಾರೆ. ತಲಾ ಆದಾಯದಲ್ಲಿ ರಾಜ್ಯದ ಮೇಲಿನ ಸಾಲಿನ ಜಿಲ್ಲೆ ನಮ್ಮದು. ನಾನು ಗುಮಾಸ್ತ, ದಿನವಿಡೀ ಅಂಕಿಗಳ ಜೊತೆಗೇ ಬದುಕುವವನು. ಸರಾಸರಿ ಅಂದರೆ ತೋಟದ ಮಾಲೀಕನ ಆದಾಯವನ್ನೂ ಸಿದ್ದಾಪುರದ ಸಂತೆಗೆ ವಾರದ ಕೂಲಿ ಹಿಡಿದು ಬರುವ ಹೆಂಗಸಿನ ಆದಾಯವನ್ನೂ ಕೂಡಿಸಿ ಭಾಗಿಸೋದು, ಅಷ್ಟೇ. ಕಾಗದದ ಮೇಲೆ ಅವಳೂ ಶ್ರೀಮಂತೆ!

ಸ್ವಲ್ಪ ಇತಿಹಾಸ ನೋಡೋಣ. ರಾಜರ ಕಾಲದಲ್ಲಿ ನಮ್ಮ ಹೊಲೆಯರಲ್ಲಿ ಎರಡು ಬಗೆ ಇತ್ತು. ಭೂಮಿ ಜಮ್ಮದವರು ನೆಲಕ್ಕೆ ಅಂಟಿಕೊಂಡ ಆಳುಗಳು, ಒಕ್ಕಲು ಜಮ್ಮದವರು ಒಡೆಯನ ಸ್ವತ್ತು. 1834ರಲ್ಲಿ ಬ್ರಿಟಿಷರು ಬಂದರು, 1843ರಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋಯ್ತು. ಆದರೆ ಭೂಮಿ ಮಾತ್ರ ನಮ್ಮ ಕೈಗೆ ಬರಲಿಲ್ಲ. 1854ರಲ್ಲಿ ಮಡಿಕೇರಿಯಲ್ಲಿ ಮೊದಲ ಕಾಫಿ ಎಸ್ಟೇಟ್ ಶುರುವಾಯ್ತು. ಗದ್ದೆಯ ಆಳು ತೋಟದ ಕೂಲಿಯಾದ.

ಜನಗಣತಿ ತೆರೆದರೆ ಇದೇ ಕಥೆ ಕಾಣುತ್ತೆ. 1901ರಲ್ಲಿ ಕೊಡಗಿನ ಜನಸಂಖ್ಯೆ 1,80,607. 1931ಕ್ಕೆ 1,63,327ಕ್ಕೆ ಇಳೀತು. ಕಾಫಿ ಬೆಲೆ ಕುಸಿದಾಗ ಹೊರಗಿನ ಕೂಲಿಗಳು ಬರೋದು ಕಡಿಮೆಯಾಯ್ತು, ಮಲೇರಿಯಾ ಬೇರೆ ಕಾಡ್ತಿತ್ತು. ಜ್ವರ ಹಿಡಿತಕ್ಕೆ ಬಂದು ತೋಟಗಳು ಬೆಳೆದ ಮೇಲೆ, 1961ಕ್ಕೆ ಹೆಚ್ಚುಕಡಿಮೆ ಎರಡರಷ್ಟಾಯ್ತು: 3,22,829. ಅಂದರೆ ಈ ಜಿಲ್ಲೆಯ ಜನಸಂಖ್ಯೆಯ ಏರಿಳಿತದಲ್ಲಿ ನಮ್ಮಂಥ ಕೂಲಿಗಳ ಹೆಜ್ಜೆ ಇದೆ. 2001ರಿಂದ 2011ರವರೆಗೆ ಹೆಚ್ಚಾದದ್ದು ಆರು ಸಾವಿರಕ್ಕೂ ಕಡಿಮೆ ಜನ. ಒಟ್ಟು 5,54,519. ಅದರಲ್ಲಿ ಪರಿಶಿಷ್ಟ ಜಾತಿ ಶೇ. 13, ಪರಿಶಿಷ್ಟ ಪಂಗಡ ಶೇ. 10ಕ್ಕೂ ಹೆಚ್ಚು. ಹತ್ತಿರ ಹತ್ತಿರ ಕಾಲು ಭಾಗ! ಭೂಮಿಯಲ್ಲಿ ನಮ್ಮ ಪಾಲು ಎಷ್ಟು, ನೀವೇ ಹೇಳಿ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮಾಲೀಕ ಮನೆ ಕೊಡಬೇಕು ಅಂತು. ಒಳ್ಳೇದೇ. ಆದರೆ ಆ ಮನೆ ಕೆಲಸದ ಜೊತೆ ಕಟ್ಟಿದ್ದು. ಕೆಲಸ ಬಿಟ್ಟರೆ, ಮೈ ಸೋತರೆ, ಮನೆಯೂ ಇಲ್ಲ. ಮೂರು ತಲೆಮಾರು ಬಾಳಿದರೂ ಹಕ್ಕುಪತ್ರ ಇಲ್ಲ. ಮುಂಗಡ ಸಾಲ ಇದ್ದರಂತೂ ಬಿಟ್ಟು ಹೋಗೋ ಹಾಗೂ ಇಲ್ಲ.

ಇದನ್ನ ಬಿಟ್ಟು ಬಂದವರೇ ಸಿದ್ದಾಪುರದ ಹತ್ತಿರದ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದ್ದು. 2016ರ ಡಿಸೆಂಬರ್‌ನಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತು ಹಾಕಿದರು. ಹೋರಾಟ ಮಾಡಿದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನಿವೇಶನ ಸಿಕ್ಕಿತು. ಇತ್ತ ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಲೀಸ್ ಕೊಡೋಕೆ ಕಾನೂನೇ ತಿದ್ದುಪಡಿಯಾಯ್ತು. ಗುಡಿಸಲು ಹಾಕಿದರೆ ಜೆಸಿಬಿ, ತೋಟ ಹಾಕಿದರೆ ಲೀಸ್.

2024-25ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮುಟ್ಟಿತು. ಕೂಲಿ ಅದೇ ವೇಗದಲ್ಲಿ ಏರಿತಾ? ಈಗ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಅವರನ್ನ ಬೈಯೋದು ಬೇಡ. ನಮ್ಮ ಅಜ್ಜ ನಿಂತ ಜಾಗದಲ್ಲೇ ಅವರು ನಿಂತಿದ್ದಾರೆ.

ಮುಂದಿನ ಗಣತಿ ಜಾತಿ ಸಮೇತ, 2027ರ ಮಾರ್ಚ್ 1ರ ಲೆಕ್ಕಕ್ಕೆ. ಅದು ರೋಬಸ್ಟಾ ಕೊಯ್ಲಿನ ಸಮಯ. ಎಣಿಕೆಯವರು ಬಂದಾಗ ನಮ್ಮವರು ತೋಟದಲ್ಲಿರ್ತಾರೆ, ರೈಟರ್ ಹೇಳಿದ್ದೇ ಬರೆದುಕೊಂಡು ಹೋಗಬಹುದು. ಅದಕ್ಕೆ ಈಗಿಂದಲೇ ಪ್ರತಿ ಲೈನಿಗೆ ಹೋಗಿ ಹೇಳೋಣ: ನಿಮ್ಮ ಹೆಸರು, ನಿಮ್ಮ ಜಾತಿ, ಮನೆ ಸ್ವಂತದ್ದಲ್ಲ ಅನ್ನೋದು, ಎಲ್ಲ ನಿಮ್ಮ ಬಾಯಲ್ಲೇ ಬರೆಸಿ. ನಾಳೆ ನಿವೇಶನ ಕೇಳುವಾಗ ಆ ಅಂಕಿಯೇ ನಮ್ಮ ಸಾಕ್ಷಿ.

ಓದಿದವರು ಶೇರ್ ಮಾಡಿ. ಓದಲು ಬಾರದವರಿಗೆ ಓದಿ ಹೇಳಿ. ಜೈ ಭೀಮ್.